ಕಾಫಿ ತೋಟದಲ್ಲಿ ಹೆಕ್ಟರ್

ಫೆಬ್ರವರಿ ಕಳೆಯುತ್ತಿದ್ದಂತೆ ಮಲೆನಾಡಿನ ಕಾಫಿ ಬೆಳೆಗಾರರ ಕಣ್ಣೆಲ್ಲ ಮುಗಿಲ ಮೇಲೆ. ಹೂಮಳೆ ಬೀಳಬೇಕು. ಹದವಾದ ಒಂದು ಮಳೆ ಬಿದ್ದರೆ ಸಾಕು, ಎಂಟು ಹತ್ತು ದಿನಕ್ಕೆ ಗಿಡದ ರೆಕ್ಕೆ ರೆಕ್ಕೆಯೂ, ಎಂದರೆ ಕೊಂಬೆ ಕೊಂಬೆಯೂ, ಬೆಳ್ಳಗಾಗುತ್ತದೆ. ಹೂವು ನಿಲ್ಲುವ ಆ ಎರಡು ಮೂರು ದಿನ ಚಿಕ್ಕಮಗಳೂರಿನಿಂದ ಮೂಡಿಗೆರೆ, ಮೂಡಿಗೆರೆಯಿಂದ ಕಳಸದ ದಾರಿಯುದ್ದಕ್ಕೂ ಗಾಳಿಯಲ್ಲಿ ಒಂದೇ ಪರಿಮಳ. ಮೊದಲ ಸಲ ಬಂದವರು ‘ಇಲ್ಲೆಲ್ಲೋ ಮಲ್ಲಿಗೆ ಅರಳಿರಬೇಕು’ ಎನ್ನುತ್ತಾರೆ. 1713ರಲ್ಲಿ ಪ್ಯಾರಿಸ್ಸಿನ ಸಸ್ಯವಿಜ್ಞಾನಿ ಆಂಟ್ವಾನ್ ದ ಜ್ಯೂಸಿಯೂ ಕಾಫಿ ಗಿಡವನ್ನು ವರ್ಣಿಸಿದಾಗ ಅವನಿಗೂ ಹಾಗೇ ಅನಿಸಿರಬೇಕು. ಅವನು ಇಟ್ಟ ಲ್ಯಾಟಿನ್ ಹೆಸರು ಜಾಸ್ಮಿನಮ್ ಅರಾಬಿಕಮ್, ಎಂದರೆ ಅರೇಬಿಯಾದ ಮಲ್ಲಿಗೆ. ಕಾಫಿಗೂ ಮಲ್ಲಿಗೆಗೂ ಕುಲಸಂಬಂಧವಿಲ್ಲವೆಂದು ಸ್ವೀಡನ್ನಿನ ಲಿನೇಯಸ್ 1737ರಲ್ಲಿ ‘ಕಾಫಿಯಾ’ ಎಂಬ ಕುಲವನ್ನೇ ಬೇರೆ ಮಾಡಿದ. 1753ರಲ್ಲಿ ಗಿಡದ ಹೆಸರು ಕಾಫಿಯಾ ಅರಾಬಿಕಾ ಎಂದು ನಿಂತಿತು.

ಅರೇಬಿಕಾ, ರೊಬಸ್ಟಾ ಎನ್ನದೆ ನಮ್ಮ ತೋಟಗಳಲ್ಲಿ ಒಂದು ದಿನವೂ ಕಳೆಯುವುದಿಲ್ಲ. ಎರಡೂ ಅಚ್ಚ ಲ್ಯಾಟಿನ್ ಪದಗಳು, ಎರಡೂ ಸ್ತ್ರೀಲಿಂಗ. ಒಬ್ಬಳು ಅರಬ್ ದೇಶದವಳು, ಇನ್ನೊಬ್ಬಳು ಗಟ್ಟಿಗಿತ್ತಿ. ಇವತ್ತು ಯಾವ ಮನೆಯಲ್ಲೂ ತಾಯ್ನುಡಿಯಾಗಿ ಉಳಿಯದ ಒಂದು ಭಾಷೆ, ಅದನ್ನು ಆಡಿದವರು ಕನಸಿನಲ್ಲೂ ಕಾಣದಿದ್ದ ಬೆಟ್ಟಗಳಲ್ಲಿ, ಕೂಲಿಯಾಳಿನಿಂದ ಮಾಲೀಕರವರೆಗೆ ಎಲ್ಲರ ಬಾಯಲ್ಲೂ ಬದುಕಿದೆ. ನನ್ನನ್ನು ಬಹುಕಾಲದಿಂದ ಹಿಡಿದಿಟ್ಟಿರುವ ಬೆರಗು ಇದು.

ಗ್ರೀಕರಾಗಲಿ ರೋಮನ್ನರಾಗಲಿ ಕಾಫಿಯ ರುಚಿ ಕಂಡವರಲ್ಲ. ಸಾಕ್ರೆಟಿಸ್ ಇರುಳಿಡೀ ಚರ್ಚೆ ಮಾಡಿದ್ದು ದ್ರಾಕ್ಷಾರಸದ ಬಲದಲ್ಲಿ. ಸೀಸರ್ ದಂಡು ನಡೆಸಿದ್ದು ಕಾಫಿಯ ಲೋಟವಿಲ್ಲದೆ. ಆದರೆ ಆಫ್ರಿಕಾದಿಂದ ಏನಾದರೊಂದು ಹೊಸತು ಬರುತ್ತಲೇ ಇರುತ್ತದೆ ಎಂಬ ಗಾದೆ ಗ್ರೀಕರಲ್ಲಿತ್ತು. ರೋಮಿನ ಪ್ಲಿನಿ ತನ್ನ ‘ನಿಸರ್ಗ ಚರಿತ್ರೆ’ಯಲ್ಲಿ ಅದನ್ನು ದಾಖಲಿಸಿದ್ದಾನೆ. ಆ ಗಾದೆಗೆ ಇಥಿಯೋಪಿಯಾದ ಕಾಡಿನಲ್ಲಿ ಹುಟ್ಟಿ, ಯೆಮನ್ನಿನಲ್ಲಿ ಬೆಳೆದು, ಬಾಬಾಬುಡನ್ ತಂದರೆಂಬ ಪ್ರತೀತಿಯ ಏಳು ಬೀಜಗಳಾಗಿ ಚಂದ್ರದ್ರೋಣ ಪರ್ವತಕ್ಕೆ ಬಂದ ಕಾಫಿಗಿಂತ ದೊಡ್ಡ ಸಾಕ್ಷಿ ಬೇಕೇ?

ಕಾಫಿಯನ್ನು ಕಾಣದ ರೋಮನ್ನರಿಗೆ, ಕಾಫಿಗೆ ನೆರಳು ಕೊಡುವ ಮರವನ್ನು ತಬ್ಬಿ ಮೇಲೇರುವ ಬಳ್ಳಿಯ ಫಲ ಮಾತ್ರ ಚೆನ್ನಾಗಿ ಗೊತ್ತಿತ್ತು. ಕರಿಮೆಣಸಿಗಾಗಿ ಅವರು ಈಜಿಪ್ಟಿನ ಕೆಂಪು ಸಮುದ್ರದ ಬಂದರುಗಳಿಂದ ಹಡಗು ಹೂಡಿ, ಮುಂಗಾರಿನ ಗಾಳಿಯನ್ನೇ ನೆಚ್ಚಿ ನಮ್ಮ ಪಡುಗಡಲಿಗೆ ಬರುತ್ತಿದ್ದರು. ನಮಗೆ ಮಳೆ ತರುವ ಗಾಳಿಯೇ ಅವರ ಹಾಯಿಯನ್ನೂ ತುಂಬುತ್ತಿತ್ತು. ಒಂದು ಪೌಂಡ್ ಕರಿಮೆಣಸಿಗೆ ನಾಲ್ಕು ದಿನಾರಿ ಎಂದು ಪ್ಲಿನಿ ಬೆಲೆ ಬರೆದಿಟ್ಟಿದ್ದಾನೆ. ನೋಟವಿಲ್ಲ, ಸಿಹಿಯಿಲ್ಲ, ಬರೀ ಖಾರವಿರುವ ಈ ಕಾಳಿಗೆ ಜನ ಹೀಗೆ ಮರುಳಾದದ್ದೇಕೆ, ಇದಕ್ಕಾಗಿ ಭಾರತದವರೆಗೆ ಹೋಗುವುದೇಕೆ ಎಂದು ಅವನಿಗೆ ಸೋಜಿಗ. ಜನ ಅವನ ಮಾತು ಕೇಳಲಿಲ್ಲ. ರೋಮ್ ನಗರದ ನಡುವೆ ಮೆಣಸಿಗೆಂದೇ ದೊಡ್ಡ ಉಗ್ರಾಣಗಳೆದ್ದವು. ಸಾಮ್ರಾಜ್ಯದ ಇನ್ನೊಂದು ತುದಿಯಲ್ಲಿ, ಬ್ರಿಟನ್ನಿನ ಚಳಿಯ ಗಡಿಯ ವಿಂಡೋಲಾಂಡ ಕೋಟೆಯಲ್ಲಿ ಸಿಕ್ಕಿದ ತೆಳು ಮರದ ಹಲಗೆಯ ಮೇಲೆ ಯಾರೋ ಬರೆದಿಟ್ಟ ಲೆಕ್ಕವಿದೆ: ಮೆಣಸಿಗೆ ಎರಡು ದಿನಾರಿ. ಸಹ್ಯಾದ್ರಿಯ ಮಳೆಕಾಡಿನ ಖಾರ, ಹಿಮ ಬೀಳುವ ಊರಿನ ಸಿಪಾಯಿಯ ಗಂಜಿಗೆ ಬಿದ್ದ ಲೆಕ್ಕ ಅದು.

ಅದೇ ಪ್ಲಿನಿ ಹಡಗಿನವರಿಗೆ ಒಂದು ಎಚ್ಚರಿಕೆಯನ್ನೂ ಹೇಳುತ್ತಾನೆ. ಪಡುಗಡಲ ತೀರದ ಮುಜಿರಿಸ್ ಬಂದರಿನ ಹತ್ತಿರ ಕಡಲ್ಗಳ್ಳರಿದ್ದಾರೆ, ಅವರ ನೆಲೆ ನಿಟ್ರಿಯಾಸ್. ಈ ನಿಟ್ರಿಯಾಸ್ ಎಂದರೆ ನೇತ್ರಾವತಿ ಕಡಲು ಸೇರುವ ಮಂಗಳೂರಿನ ಸೀಮೆ ಎಂದು ಗುರುತಿಸುವ ವಿದ್ವಾಂಸರಿದ್ದಾರೆ. ನೇತ್ರಾವತಿ ಹುಟ್ಟುವುದು ಕಳಸಕ್ಕೆ ಸಮೀಪದ ಕುದುರೆಮುಖದ ಬೆಟ್ಟಸಾಲಿನಲ್ಲಿ. ಆ ಗುರುತು ಸರಿಯಾಗಿದ್ದರೆ, ಈ ಬೆಟ್ಟದ ನೀರಿನ ಹೆಸರು ಸುಮಾರು ಎರಡು ಸಾವಿರ ವರ್ಷಗಳ ಹಿಂದೆಯೇ ರೋಮಿನ ಪುಸ್ತಕವೊಂದನ್ನು ಸೇರಿತ್ತು. ಮೆಣಸಿನ ಲ್ಯಾಟಿನ್ ಹೆಸರು ‘ಪೈಪರ್’ ಕೂಡ ನಮ್ಮ ಕಡೆಯಿಂದಲೇ ಹೋದದ್ದು. ಸಂಸ್ಕೃತದ ಪಿಪ್ಪಲಿ, ನಮ್ಮ ಅಜ್ಜಿಯರ ಕಷಾಯದ ಹಿಪ್ಪಲಿ, ಗ್ರೀಕರ ಬಾಯಲ್ಲಿ ‘ಪೆಪೆರಿ’ಯಾಗಿ, ರೋಮಿನಲ್ಲಿ ‘ಪೈಪರ್’ ಆಗಿ, ಲಿನೇಯಸ್ಸನ ಪುಸ್ತಕದಿಂದ ಮತ್ತೆ ನಮ್ಮ ಬಳ್ಳಿಯ ಮೇಲೆ ಬಂದು ಕೂತಿದೆ.

ಹೆಸರುಗಳ ಒಳಗೆ ಹೀಗೆ ಯಾತ್ರೆಗಳಿವೆ. ಕೆಲವುಗಳಲ್ಲಿ ಹಬ್ಬಗಳೂ ಇವೆ. ರೊಬಸ್ಟಾ ಎಂದು ನಾವು ಕರೆಯುವ ಗಿಡದ ಪೂರ್ತಿ ಹೆಸರು ಕಾಫಿಯಾ ಕ್ಯಾನೆಫೊರಾ. ಕನೆಫೊರೋಸ್ ಎಂದರೆ ಗ್ರೀಕಿನಲ್ಲಿ ಬುಟ್ಟಿ ಹೊತ್ತವಳು. ಅಥೆನ್ಸಿನಲ್ಲಿ ಅಥೀನಾ ದೇವಿಯ ಉತ್ಸವ ಹೊರಟಾಗ ಮುಂದೆ ಮುಂದೆ ನಡೆಯುತ್ತಿದ್ದ ಕನ್ಯೆಯ ಪದವಿ ಅದು. ತಲೆಯ ಮೇಲಿನ ಬುಟ್ಟಿಯಲ್ಲಿ ಪೂಜೆಯ ಜವೆಗೋಧಿ, ಅದರಡಿ ಮುಚ್ಚಿಟ್ಟ ಬಲಿಯ ಕತ್ತಿ. ಮರ್ಯಾದಸ್ಥ ಮನೆತನದ ಹುಡುಗಿಗಷ್ಟೇ ಸಿಗುತ್ತಿದ್ದ ಗೌರವ. ಮೂಡಿಗೆರೆ ಸುತ್ತಿನ ರೊಬಸ್ಟಾ ತೋಟಗಳಲ್ಲಿ ಕೊಯ್ಲಿನ ಹೊತ್ತಿಗೆ, ಸೊಂಟಕ್ಕೆ ಚೀಲವೋ ಬುಟ್ಟಿಯೋ ಕಟ್ಟಿಕೊಂಡು, ಮಂಜು ಬಿಡದ ಬೆಳಿಗ್ಗೆಯಲ್ಲಿ ಸಾಲಿನಿಂದ ಸಾಲಿಗೆ ಸರಿಯುವ ಹೆಂಗಸರನ್ನು ಕಂಡಾಗ ನನಗೆ ಆ ಹೆಸರು ನೆನಪಾಗುತ್ತದೆ. ಬೆರಳುಗಳು ರೆಕ್ಕೆಯ ಬುಡದಿಂದ ತುದಿಗೆ ಓಡುತ್ತವೆ, ಹಣ್ಣು ಪಟಪಟನೆ ಚೀಲಕ್ಕೆ ಉದುರುತ್ತದೆ, ಸಂಜೆ ತೂಕದ ಹೊತ್ತಿಗೆ ಉಗುರಿನ ಸಂದಿಯೆಲ್ಲ ಕಪ್ಪು ಅಂಟು. ಅವರ ದುಡಿಮೆ ಮೆರವಣಿಗೆಯಲ್ಲ; ಅದಕ್ಕೆ ಮರ್ಯಾದೆಯ ಸಾಲು ಯಾರೂ ಕಟ್ಟುವುದಿಲ್ಲ. ಆದರೂ ಅವರ ಕೈ ತಾಗದೆ ಒಂದು ಹಣ್ಣೂ ಕಣಕ್ಕೆ ಬರುವುದಿಲ್ಲ, ಮತ್ತು ಆ ಗಿಡದ ಹೆಸರಿನಲ್ಲಿ ಬುಟ್ಟಿ ಹೊತ್ತ ಹೆಣ್ಣಿಗೆ ಸಲ್ಲಬೇಕಾದ ಗೌರವ ಬರೆದಿಟ್ಟಿದೆ. ಅದನ್ನು ಓದಿಕೊಂಡವರು ಆ ಸಾಲಿನ ಮುಂದೆ ಸ್ವಲ್ಪ ತಲೆಬಾಗಬೇಕು ಎಂದು ನನ್ನ ನಂಬಿಕೆ.

ಇಷ್ಟೆಲ್ಲದರ ನಡುವೆ ನನ್ನನ್ನು ಅತಿ ಹೆಚ್ಚು ನಿಲ್ಲಿಸಿಕೊಂಡದ್ದು ಚಿಟ್ಟೆಗಳು. ಬಿಸಿಲು ಚೆನ್ನಾಗಿ ಏರಿದ ಮೇಲೆ ತೋಟದ ಬೇಲಿಯ ಲಂಟಾನ ಹೂವಿಗೆ ಒಂದು ದೊಡ್ಡ ಕಪ್ಪು ಚಿಟ್ಟೆ ಬರುತ್ತದೆ. ಮುಂದಿನ ರೆಕ್ಕೆಯಲ್ಲಿ ಎರಡು ಬಿಳಿ ಪಟ್ಟೆ, ಹಿಂದಿನ ರೆಕ್ಕೆಯ ಅಂಚಿಗೆ ಸಾಲಾಗಿ ಕಡುಗೆಂಪು ಬೊಟ್ಟು, ಮೈ ಪೂರ್ತಿ ಕುಂಕುಮದ ಕೆಂಪು. ಅದಕ್ಕೆ ಹಾರುವ ಅವಸರವಿಲ್ಲ. ಹೂವಿನಿಂದ ಹೂವಿಗೆ ತೇಲುತ್ತ, ತನ್ನನ್ನು ಯಾರೂ ಮುಟ್ಟಲಾರರು ಎಂಬ ಧೈರ್ಯದಲ್ಲಿ ರೆಕ್ಕೆ ಬಡಿಯುತ್ತ ಇರುತ್ತದೆ. 1758ರಲ್ಲಿ ಲಿನೇಯಸ್ ಇದಕ್ಕೆ ಇಟ್ಟ ಹೆಸರು ಹೆಕ್ಟರ್.

ಭಾರತಕ್ಕೆ ಎಂದೂ ಬಾರದ ಆ ಮನುಷ್ಯ ಜಗತ್ತಿನ ದೊಡ್ಡ ಚಿಟ್ಟೆಗಳನ್ನೆಲ್ಲ ಮುಂದಿಟ್ಟುಕೊಂಡು, ಗ್ರೀಕರು ಟ್ರಾಯ್ ನಗರದ ಮೇಲೆ ನಡೆಸಿದ ಯುದ್ಧವನ್ನು ಹಾಡುವ ಹೋಮರನ ಕಾವ್ಯವನ್ನು ನೆನೆದ. ಬಾಲದ ಚಿಟ್ಟೆಗಳನ್ನು ಎರಡು ಪಾಳೆಯ ಮಾಡಿದ: ಎದೆಯ ಬಳಿ ನೆತ್ತರು ಬಣ್ಣದ ಕಲೆ ಇದ್ದವು ಟ್ರಾಯ್ ಪಕ್ಷ, ಇಲ್ಲದವು ಗ್ರೀಕರ ಪಕ್ಷ. ನೆತ್ತರು ಸುರಿಸಿ ಸೋತ ಊರಿನವರಿಗೆ ನೆತ್ತರಿನ ಗುರುತು. ಟ್ರಾಯ್ ಪಕ್ಷದ ಮಹಾವೀರ, ದೊರೆ ಪ್ರಿಯಾಮನ ಹಿರಿಮಗ ಹೆಕ್ಟರ್ ಹೀಗೆ ನಮ್ಮ ಬೇಲಿಗೆ ಬಂದ. ಯುದ್ಧ ತನ್ನದಲ್ಲದಿದ್ದರೂ ಊರಿಗಾಗಿ ಹೋರಾಡಿದವನು, ಹೆಂಡತಿಯನ್ನೂ ಕೂಸನ್ನೂ ಕೋಟೆಯ ಬಾಗಿಲಲ್ಲಿ ಬೀಳ್ಕೊಟ್ಟು ಹೋದವನು, ಅಕಿಲಿಸನ ಕೈಯಲ್ಲಿ ಸತ್ತು ರಥದ ಹಿಂದೆ ಮಣ್ಣಿನಲ್ಲಿ ಎಳೆಸಿಕೊಂಡವನು. ಹೋಮರನ ಮಹಾಕಾವ್ಯ ಮುಗಿಯುವುದು ಗೆದ್ದವರ ಜಯಘೋಷದಿಂದಲ್ಲ, ಹೆಕ್ಟರನ ಅಂತ್ಯಸಂಸ್ಕಾರದಿಂದ. ಸೋತ ಪಕ್ಷದ ವೀರನಿಗೆ ಮನಸ್ಸು ಕೊಡುವುದು ಪಂಪನ ಕರ್ಣನನ್ನು ಬಲ್ಲ ಕನ್ನಡಿಗರಿಗೆ ಕಲಿಸಬೇಕಾದ ಪಾಠವಲ್ಲ.

ನಮ್ಮ ತೋಟದಲ್ಲಿ ಎರಡು ಪಾಳೆಯವೂ ಇವೆ. ಸಂಪಿಗೆ ಮರದ ಸುತ್ತ ಹಸಿರು ಚುಕ್ಕಿಯ ಒಂದು ಚಿಟ್ಟೆ ಒಂದು ಕ್ಷಣವೂ ಕೂರದೆ ಸುಯ್ಯೆಂದು ಸುತ್ತುತ್ತದೆ. ಅದು ಗ್ರೀಕ್ ದಂಡಿನ ದೊರೆ ಅಗಮೆಮ್ನಾನ್. ಸಂಪಿಗೆಯ ಎಲೆ ತಿಂದು ಬೆಳೆಯುವ ಹುಳು ಅದರದು. ಕರಿ ರೆಕ್ಕೆಯಲ್ಲಿ ಬಿಳಿ ಮಚ್ಚೆಯ ದೊಡ್ಡ ಚಿಟ್ಟೆ ಹೆಲೆನಸ್, ಹೆಕ್ಟರನ ತಮ್ಮ, ಭವಿಷ್ಯ ಬಲ್ಲವನು. ಕಪ್ಪು ಹಳದಿಯ, ಅಂಗೈಗಿಂತ ದೊಡ್ಡದಾದ, ಕರ್ನಾಟಕ ತನ್ನ ರಾಜ್ಯದ ಚಿಟ್ಟೆಯೆಂದು ಆರಿಸಿಕೊಂಡಿರುವ ಚೆಲುವೆಗೆ ಕ್ರೀಟ್ ದ್ವೀಪದ ದೊರೆ ಮಿನೋಸನ ಹೆಸರು. ಮೂರು ಸಾವಿರ ವರ್ಷಗಳ ಹಗೆ ಮರೆತು ಇವರೆಲ್ಲ ಒಂದೇ ಹೂವಿನ ಗೊಂಚಲಿನಲ್ಲಿ ಮೂತಿ ಇಡುತ್ತಾರೆ.

ಹೆಕ್ಟರನ ಧೈರ್ಯಕ್ಕೆ ಕಾರಣ ಈಶ್ವರಿ ಬಳ್ಳಿ. ತಾಯಿ ಚಿಟ್ಟೆ ಆ ಬಳ್ಳಿಯ ಎಲೆಯ ಮೇಲೆ ಮೊಟ್ಟೆ ಇಡುತ್ತದೆ, ಹುಳು ಅದನ್ನೇ ತಿಂದು ಅದರ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಮ್ಮೆ ಕೊಕ್ಕು ಹಾಕಿದ ಹಕ್ಕಿ ಆ ಕೆಂಪನ್ನು ಮರೆಯುವುದಿಲ್ಲ. ಈಗ ತೋಟದ ಕಿತ್ತಳೆ ಗಿಡದ ಬಳಿಗೆ ಬನ್ನಿ. ಕಿತ್ತಳೆ, ನಿಂಬೆ, ಕರಿಬೇವಿನ ಎಲೆ ತಿಂದು ಬೆಳೆಯುವ ಇನ್ನೊಂದು ಚಿಟ್ಟೆ ಇದೆ. ಅದಕ್ಕೆ ಪ್ರಿಯಾಮನ ಇನ್ನೊಬ್ಬ ಮಗ ಪೊಲೈಟಿಸನ ಹೆಸರು. ಅದಕ್ಕೆ ವಿಷವಿಲ್ಲ. ಗಂಡು ಸಾದಾ ಕಪ್ಪು ಬಿಳುಪು. ಆದರೆ ಹೆಣ್ಣುಗಳಲ್ಲಿ ಕೆಲವು ಪೂರಾ ಹೆಕ್ಟರನ ವೇಷ ಕಟ್ಟಿ ಬರುತ್ತವೆ: ಅದೇ ಬಿಳಿ ಪಟ್ಟೆ, ಅದೇ ಕೆಂಪು ಬೊಟ್ಟು, ಹಾರುವ ಗತಿಯೂ ಅದೇ. ಯಕ್ಷಗಾನದಲ್ಲಿ ಬಣ್ಣ, ಕಿರೀಟ, ಹೆಜ್ಜೆ ಎಲ್ಲ ಸೇರಿ ಒಬ್ಬನನ್ನು ಇನ್ನೊಬ್ಬನಾಗಿಸುವ ಹಾಗೆ, ಇಲ್ಲಿ ರೂಪಕ್ಕೆ ನಡೆಯೂ ಕೂಡಿಕೊಂಡಿದೆ. ವೇಷ ಕಳಚುವುದು ಒಂದೇ ಕಡೆ. ಮೈ ನೋಡಿ: ಹೆಕ್ಟರನದು ಕೆಂಪು, ಇದರದು ಕಪ್ಪು. ಹಕ್ಕಿ ಅಷ್ಟು ಹತ್ತಿರ ನೋಡುವುದಿಲ್ಲ, ಬಿಟ್ಟು ಹೋಗುತ್ತದೆ.

18ನೇ ಶತಮಾನದ ಉತ್ತರಾರ್ಧದಲ್ಲಿ ಡಚ್ ವರ್ತಕ ಪೀಟರ್ ಕ್ರಾಮರ್ ಈ ವೇಷದ ಚಿಟ್ಟೆಯನ್ನು ಬೇರೆಯೇ ಜಾತಿ ಎಂದು ತಿಳಿದು ರೋಮ್ಯುಲಸ್ ಎಂದು ಕರೆದ. ಅದು ಪೊಲೈಟಿಸನ ಹೆಣ್ಣೇ ಎಂಬುದನ್ನೂ ಅದು ತೊಟ್ಟದ್ದು ಹೆಕ್ಟರನ ವೇಷ ಎಂಬುದನ್ನೂ ನಿಸರ್ಗವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1865ರ ತನ್ನ ಪ್ರಬಂಧದಲ್ಲಿ ಬಿಡಿಸಿಟ್ಟ. ಇಲ್ಲಿ ನನ್ನ ಮೈ ಜುಮ್ಮೆನ್ನುತ್ತದೆ. ರೋಮಿನ ಪುರಾಣದ ಪ್ರಕಾರ ಟ್ರಾಯ್ ಸುಟ್ಟು ಬೂದಿಯಾದ ರಾತ್ರಿ ಈನಿಯಸ್ ಎಂಬ ಟ್ರಾಯ್ ವೀರ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಪಾರಾದ, ಕಡಲು ದಾಟಿ ಇಟಲಿ ಸೇರಿದ. ಅವನ ವಂಶದಲ್ಲಿ ಹುಟ್ಟಿದ ರೋಮ್ಯುಲಸ್ ರೋಮ್ ನಗರ ಕಟ್ಟಿದ. ಟ್ರಾಯ್‌ನ ತೇಜಸ್ಸನ್ನು ಹೊದ್ದುಕೊಂಡು ರೋಮ್ ಬದುಕಿತು ಎಂಬುದು ಆ ಕಥೆಯ ಜೀವ. ಕ್ರಾಮರನಿಗೆ ಅನುಕರಣೆಯ ತತ್ವ ಗೊತ್ತಿರಲಿಲ್ಲ. ಚಿಟ್ಟೆಗಂತೂ ಪುರಾಣ ಗೊತ್ತಿಲ್ಲ. ಆದರೂ ಮೂಡಿಗೆರೆಯ ಒಂದು ಕಿತ್ತಳೆ ಗಿಡದ ಮೇಲೆ ರೋಮ್ಯುಲಸ್ ಹೆಕ್ಟರನನ್ನು ಹೊದ್ದು ಬದುಕುತ್ತಿದ್ದಾನೆ. ಇದು ಆಕಸ್ಮಿಕವೆಂದು ಬುದ್ಧಿ ಹೇಳುತ್ತದೆ, ನಾನೂ ಒಪ್ಪುತ್ತೇನೆ. ಒಪ್ಪಿದ ಮೇಲೂ ಬೆರಗು ಒಂದಿಷ್ಟೂ ಇಳಿಯುವುದಿಲ್ಲ.

ಲ್ಯಾಟಿನ್ ಹೆಸರುಗಳು ದೂರದವರು ದೂರದಲ್ಲಿ ಕೂತು ಇಟ್ಟವು, ನಮ್ಮವರನ್ನು ಯಾರು ಕೇಳಿದರು ಎಂದು ಅನಿಸುವುದುಂಟು. ಅದರಲ್ಲಿ ನಿಜವಿದೆ. ಆದರೆ ಆ ಭಾಷೆಯ ಬಾಗಿಲು ಒಳಗಿನಿಂದಲೂ ತೆರೆಯುತ್ತದೆ. ಏಲಕ್ಕಿಯ ಕುಲನಾಮ ‘ಎಲೆಟ್ಟೇರಿಯಾ’ ಮಲೆಯಾಳಿಗಳ ಬಾಯಿಂದ ಬಂದದ್ದು. ಸಂಪಿಗೆ ಲ್ಯಾಟಿನ್ನಿನಲ್ಲೂ ‘ಚಂಪಕಾ’. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದ ಕಥೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದ, ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದ ಸಿ. ಆರ್. ನಾರಾಯಣರಾವ್ 1937ರಲ್ಲಿ ಅಲ್ಲಿನ ಒಂದು ಪುಟ್ಟ ಕಪ್ಪೆಯನ್ನು ಜಗತ್ತಿಗೆ ಪರಿಚಯಿಸಿದರು. ಇವತ್ತು ಅದರ ಹೆಸರು ಮೈಕ್ರಿಕ್ಸಾಲಸ್ ಕೊಟ್ಟಿಗೆಹಾರೆನ್ಸಿಸ್. ಹಳ್ಳದ ಭೋರ್ಗರೆತದಲ್ಲಿ ತನ್ನ ಕೂಗು ಕೇಳಿಸದು ಎಂದೋ ಏನೋ, ಗಂಡು ಒದ್ದೆ ಬಂಡೆಯ ಮೇಲೆ ಕೂತು ಹಿಂಗಾಲನ್ನು ಉದ್ದಕ್ಕೆ ಚಾಚಿ, ಬೆರಳುಗಳ ಜಾಲಪೊರೆ ಬಿಚ್ಚಿ ಬೀಸುತ್ತದೆ. ಕುಣಿಯುವ ಕಪ್ಪೆ ಎಂದು ಅದಕ್ಕೇ ಹೆಸರು. ಒಬ್ಬ ಅಥೆನ್ಸಿನವನನ್ನು ರೋಮನ್ನರು ಅಥೆನಿಯೆನ್ಸಿಸ್ ಎನ್ನುತ್ತಿದ್ದರು. ಅದೇ ಪ್ರತ್ಯಯ, ಅದೇ ಘನತೆ. ಕನ್ನಡ ನಾಡಿನ ಮೇಷ್ಟ್ರೊಬ್ಬರು ಮೂಡಿಗೆರೆ ತಾಲ್ಲೂಕಿನ ಒಂದು ಸಣ್ಣ ಊರನ್ನು ಅಥೆನ್ಸಿನ ಪಂಕ್ತಿಯಲ್ಲಿ ಕೂರಿಸಿದರು.

ಹಾಗಾದರೆ ಹೆಸರು ಗೊತ್ತಾದರೆ ಸಾಕೇ? ಸಾಲದು. ಮೂಡಿಗೆರೆಯಲ್ಲೇ ಕೂತು ಪೂರ್ಣಚಂದ್ರ ತೇಜಸ್ವಿ 1980ರ ‘ಕರ್ವಾಲೊ’ ಕಾದಂಬರಿಯಲ್ಲಿ ಇದನ್ನು ಕಾಣಿಸಿದರು. ಹಾರುವ ಓತಿಯ ಹಿಂದೆ ಹೊರಟ ಆ ತಂಡದಲ್ಲಿ ವಿಜ್ಞಾನಿ ಕರ್ವಾಲೊಗೆ ಜೀವಜಾತಿಯ ಕುಲ, ಕಾಲ ಎಲ್ಲ ಗೊತ್ತು. ಆದರೆ ಕಾಡಿನಲ್ಲಿ ಅದನ್ನು ಕಂಡ ಕಣ್ಣು ಹಳ್ಳಿಯ ಹುಡುಗ ಮಂದಣ್ಣನದು. ಹಾರುವ ಓತಿಯ ಶಾಸ್ತ್ರೀಯ ಹೆಸರು ಡ್ರಾಕೊ, ಗ್ರೀಕ್ ಪುರಾಣದ ಮಹಾಸರ್ಪ. ಆ ಹೆಸರು ಓತಿಯನ್ನು ಜಗತ್ತಿನ ಕಥೆಗೆ ಜೋಡಿಸುತ್ತದೆ. ಓತಿ ಯಾವ ಮರದ ಯಾವ ತೊಗಟೆಯಲ್ಲಿ ಅಡಗಿದೆ ಎಂಬುದನ್ನು ಹೇಳಲು ಮಂದಣ್ಣನೇ ಬೇಕು. ಈಶ್ವರಿ ಬಳ್ಳಿಯ ಲ್ಯಾಟಿನ್ ಕುಲನಾಮ ಅರಿಸ್ಟಲೋಕಿಯಾ. ಹೆರಿಗೆಗೆ ಒಳ್ಳೆಯದು ಎಂಬ ಗ್ರೀಕರ ನಂಬಿಕೆ ಅದರಲ್ಲಿದೆ. ನಮ್ಮ ಹಳ್ಳಿಗರು ಅದೇ ಬಳ್ಳಿಯಲ್ಲಿ ಈಶ್ವರಿಯನ್ನು ಕಂಡರು. ಎರಡು ನಾಡಿನ ಜನ ಒಂದು ಎಲೆಯ ಮುಂದೆ ಕೈಮುಗಿದದ್ದನ್ನು ಎರಡು ಹೆಸರೂ ಗೊತ್ತಿದ್ದವರಷ್ಟೇ ನೋಡಬಲ್ಲರು.

ಗ್ರೀಕರಲ್ಲಿ ಬೆರಗಿಗೂ ಒಬ್ಬ ದೇವತೆಯಿದ್ದ, ಥೌಮಸ್. ಅವನ ಮಗಳು ಐರಿಸ್, ಕಾಮನಬಿಲ್ಲು. ದೇವರಿಂದ ಮನುಷ್ಯರಿಗೆ ಸುದ್ದಿ ತರುವ ದೂತಿ. ಪ್ಲೇಟೋನ ಒಂದು ಸಂವಾದದಲ್ಲಿ ಸಾಕ್ರೆಟಿಸ್ ಒಬ್ಬ ಹುಡುಗನಿಗೆ, ತತ್ವಜ್ಞಾನ ಹುಟ್ಟುವುದೇ ಬೆರಗಿನಿಂದ ಎಂದು ಹೇಳಿ ಈ ವಂಶಾವಳಿ ಕಟ್ಟಿದವನು ಜಾಣ ಎನ್ನುತ್ತಾನೆ. ಬೆರಗಿನ ಮಗಳು ಸೇತುವೆಯಾದದ್ದು ಎಷ್ಟು ಸರಿ! ತಿಳಿದರೆ ಬೆರಗು ಸಾಯುತ್ತದೆ ಎಂದು ಹೆದರುವವರಿದ್ದಾರೆ. ನನ್ನ ಅನುಭವ ಬೇರೆ. ಹೆಕ್ಟರ್ ಯಾರೆಂದು ತಿಳಿದ ಮೇಲೆ, ವಿಷದ ಗುಟ್ಟು ತಿಳಿದ ಮೇಲೆ, ವೇಷದ ಗುಟ್ಟು ತಿಳಿದ ಮೇಲೆ ಆ ಚಿಟ್ಟೆ ನನಗೆ ಮೊದಲಿಗಿಂತ ದೊಡ್ಡದಾಗಿದೆ. ಸಂಬಂಧ ಕಾಣಿಸಿದಷ್ಟೂ ಬೆರಗು ಬೆಳೆಯುತ್ತದೆ.

ಸಂಬಂಧ ಕಂಡವರಿಗೆ ಹೊಣೆಯೂ ಬರುತ್ತದೆ. ಈಶ್ವರಿ ಬಳ್ಳಿ ಬೇಲಿಯಲ್ಲಿ, ಹಳ್ಳದ ದಂಡೆಯಲ್ಲಿ ತಾನಾಗಿ ಹಬ್ಬುವ ಬಳ್ಳಿ; ಕಳೆ ಹೊಡೆಯುವಾಗ ಮೊದಲು ಹೋಗುವುದೂ ಅದೇ. ಬಳ್ಳಿ ಹೋದರೆ ಹೆಕ್ಟರನಿಗೆ ಮೊಟ್ಟೆ ಇಡಲು ಜಾಗವಿಲ್ಲ, ನಮ್ಮ ರಾಜ್ಯದ ಚಿಟ್ಟೆಗೂ ಇಲ್ಲ. ಹೆಕ್ಟರನಿಲ್ಲದ ತೋಟದಲ್ಲಿ ರೋಮ್ಯುಲಸ್ಸನ ವೇಷಕ್ಕೆ ಅರ್ಥವಿಲ್ಲ. ತೋಟವಿದ್ದವರಿಗೆ ನನ್ನದೊಂದು ಬೇಡಿಕೆ: ಕಳೆ ತೆಗೆಸುವ ಮುನ್ನ ಆಳುಗಳಿಗೆ ಆ ಬಳ್ಳಿಯನ್ನು ತೋರಿಸಿ, ಅದನ್ನು ಬಿಡಲು ಹೇಳಿ. ಗುರುತಿಸಲು ನಿಮಗೆ ಬಾರದಿದ್ದರೆ ಅವರಲ್ಲೇ ಒಬ್ಬ ಹಿರಿಯರಿಗೆ ಗೊತ್ತಿರುತ್ತದೆ, ಅವರನ್ನು ಕೇಳಿ. ಮನೆಯ ಮಕ್ಕಳಿಗೆ ಈಶ್ವರಿ ಎಂಬ ಹೆಸರನ್ನೂ ಹೇಳಿ, ಹೆಕ್ಟರನ ಕಥೆಯನ್ನೂ ಹೇಳಿ. ನೋಡುವ ಕಣ್ಣು ಮತ್ತು ನೆನೆಯುವ ಮಾತು ಎರಡೂ ಇದ್ದ ಮಗುವಿಗೆ ಕಾಫಿ ತೋಟದ ಒಂದು ಎಕರೆಯಲ್ಲಿ ಇಡೀ ಜಗತ್ತು ಸಿಗುತ್ತದೆ, ಮತ್ತು ಸಿಕ್ಕಿದ್ದನ್ನು ಉಳಿಸಿಕೊಳ್ಳಬೇಕು ಎಂಬ ಹಟವೂ ಅಲ್ಲೇ ಹುಟ್ಟುತ್ತದೆ.